ಕಬ್ಬಿನ ಔಷಧ ಹಾರುತ್ತದೆ, ಕಾಡಿನ ಔಷಧ ಕಾಯುತ್ತದೆ

ಬೆಳಗಾವಿ ಜಿಲ್ಲಾ ಪಂಚಾಯಿತಿಯ ಮುಖ್ಯ ಕಾರ್ಯನಿರ್ವಾಹಕ ಅಧಿಕಾರಿಗಳಿಗೆ ಮತ್ತು ಜಿಲ್ಲೆಯ ಶಾಸಕರಿಗೆ ಒಂದು ಬಹಿರಂಗ ಪತ್ರ

ಮಾನ್ಯರೇ,

ಕಳೆದ ಆಗಸ್ಟ್‌ನಲ್ಲಿ ರಾಯಬಾಗ ತಾಲ್ಲೂಕಿನ ನನ್ನ ತಂಗಿಯ ಮನೆಗೆ ಹೋಗಿದ್ದೆ. ಅವಳ ಮೈದುನನ ಕಬ್ಬಿಗೆ ಎಣ್ಣೆ ಹೊಡೆಯಲು ಡ್ರೋನ್ ಬಂದಿತ್ತು. ಹತ್ತು ಲೀಟರಿನ ಟ್ಯಾಂಕು ಹೊತ್ತು, ಆಳೆತ್ತರ ಮೀರಿದ ಕಬ್ಬಿನ ಮೇಲೆ ಸಾಲು ಹಿಡಿದು ಓಡಾಡಿ, ನಮ್ಮ ಕೈಯಲ್ಲಿದ್ದ ಚಹಾ ಆರುವಷ್ಟರಲ್ಲಿ ಒಂದು ಎಕರೆ ಮುಗಿಸಿ, ಎದ್ದ ಜಾಗಕ್ಕೇ ಬಂದು ಕೂತಿತು. ಅದನ್ನು ನಡೆಸುತ್ತಿದ್ದವಳು ಸ್ವಸಹಾಯ ಸಂಘದ ಹೆಣ್ಣುಮಗಳು. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ಕಣ್ಣು ಪರದೆಯ ಮೇಲಿಟ್ಟು, ಹತ್ತಿರ ಬಂದ ಹುಡುಗರನ್ನು ಗದರಿಸುತ್ತಲೇ ಕೆಲಸ ಮುಗಿಸಿದಳು.

ನಾನು ಮೂವತ್ತೊಂದು ವರ್ಷ ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಔಷಧ ವಿತರಿಸಿ ನಿವೃತ್ತನಾದವನು. ತೂಕದ ಲೆಕ್ಕ ತಾನಾಗಿ ತಲೆಗೆ ಬರುತ್ತದೆ. ಹತ್ತು ಲೀಟರ್ ಎಂದರೆ ಹೆಚ್ಚುಕಡಿಮೆ ಹತ್ತು ಕಿಲೊ. ಹಾವು ಕಚ್ಚಿದವರಿಗೆ ಮೊದಲ ಸುತ್ತಿನಲ್ಲಿ ಕೊಡುವ ಎಂಟು-ಹತ್ತು ವೈಲ್ (ಚಿಕ್ಕ ಸೀಸೆ) ಎಎಸ್‌ವಿ ಎಂಬ ವಿಷ ಇಳಿಸುವ ಮದ್ದು, ಅದನ್ನು ಕರಗಿಸುವ ನೀರು, ಅಡ್ರಿನಾಲಿನ್, ಸಿರಿಂಜು, ಒಂದು ಸಲೈನ್ ಬಾಟಲಿ, ಇಷ್ಟೆಲ್ಲ ಸೇರಿದರೂ ಎರಡು ಕಿಲೊ ದಾಟುವುದಿಲ್ಲ. ನಮ್ಮ ಜಿಲ್ಲೆಯಲ್ಲಿ ಕಬ್ಬಿನ ಔಷಧ ಹಾರುತ್ತದೆ. ಮನುಷ್ಯರ ಔಷಧ ಹಳ್ಳದ ದಂಡೆಯಲ್ಲಿ ನಿಂತು ನೀರು ಇಳಿಯುವುದನ್ನು ಕಾಯುತ್ತದೆ. ಕಾದದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ, ಅದಕ್ಕೇ ಈ ಪತ್ರ.

ನನ್ನ ನೌಕರಿಯ ಹೆಚ್ಚಿನ ಕಾಲ ಕಳೆದದ್ದು ಖಾನಾಪುರ ತಾಲ್ಲೂಕಿನಲ್ಲಿ. ಕಣಕುಂಬಿಯಲ್ಲಿ ಮಲಪ್ರಭೆ ಹುಟ್ಟಿ ಪೂರ್ವಕ್ಕೆ ಇಳಿಯುತ್ತಾಳೆ, ದೇಗಾಂವದಲ್ಲಿ ಮಹದಾಯಿ ಹುಟ್ಟಿ ಪಶ್ಚಿಮಕ್ಕೆ ತಿರುಗುತ್ತಾಳೆ. ಈ ಎರಡು ನದಿಗಳ ಹೆಸರು ಸದನದಲ್ಲಿ ಎಷ್ಟು ಸಲ ಮೊಳಗಿದೆಯೋ ಲೆಕ್ಕವಿಲ್ಲ. ಅವು ಹುಟ್ಟುವ ಸೀಮೆಯ ಜನ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಊರಿನಿಂದ ಹೊರಗೆ ಹೇಗೆ ಬರುತ್ತಾರೆ ಎಂಬ ಪ್ರಶ್ನೆಗೆ ಅಷ್ಟು ಸಮಯ ಸಿಕ್ಕಿಲ್ಲ. ಆಮಗಾಂವ್, ಗವಾಳಿ, ಕೃಷ್ಣಾಪುರ, ಪಾಸ್ತೋಳಿ, ಕೊಂಗಳಾ ಕಡೆ ಮಳೆಗಾಲದಲ್ಲಿ ನಡೆದು ಹೋದವರಿಗೆ ನಾನು ಹೇಳುವುದು ಗೊತ್ತಿದೆ: ಅಲ್ಲಿ ದೂರವನ್ನು ಕಿಲೊಮೀಟರಿನಲ್ಲಿ ಅಳೆಯುವುದಿಲ್ಲ, ಹಳ್ಳಗಳಲ್ಲಿ ಅಳೆಯುತ್ತಾರೆ. ‘ಎರಡು ಹಳ್ಳದ ಆಚೆ’ ಎಂದರೆ ಬೇಸಿಗೆಯಲ್ಲಿ ಒಂದು ತಾಸು, ಜುಲೈನಲ್ಲಿ ದೇವರಿಚ್ಛೆ. 2011ರಲ್ಲಿ ಭೀಮಗಡ ವನ್ಯಜೀವಿ ಅಭಯಾರಣ್ಯವಾದ ಮೇಲೆ ಒಂದು ರಸ್ತೆ ಅಗಲ ಮಾಡಬೇಕೆಂದರೂ ಒಂದು ಸೇತುವೆ ಕಟ್ಟಬೇಕೆಂದರೂ ಅರಣ್ಯ ಕಾನೂನಿನ ಕಡತಗಳನ್ನು ದಾಟಬೇಕು. ಕಾಡು ಉಳಿಯಬೇಕು ಎಂಬುದರಲ್ಲಿ ನನಗೆ ತಕರಾರಿಲ್ಲ. ಕಾಡಿನೊಳಗಿನ ಬಾಣಂತಿಯೂ ಉಳಿಯಬೇಕು, ಅಷ್ಟೇ.

ಒಂದು ಜುಲೈ ಸಂಜೆಯ ಮಾತು. ನಾಟಿ ಗದ್ದೆಯಲ್ಲಿ ಹೆಣ್ಣುಮಗಳೊಬ್ಬಳಿಗೆ ಕೊಳಕುಮಂಡಲ ಕಚ್ಚಿತು. ಬಿದಿರಿಗೆ ಕಂಬಳಿ ಕಟ್ಟಿ, ಎಂಟು ಜನ ಹೆಗಲು ಬದಲಿಸುತ್ತ ನಮ್ಮ ಕೇಂದ್ರಕ್ಕೆ ತಂದರು. ಕಪಾಟಿನಲ್ಲಿ ನಾಲ್ಕು ವೈಲ್ ಇದ್ದವು. ಮೇ ತಿಂಗಳ ಇಂಡೆಂಟ್‌ನಲ್ಲಿ ನಾನು ಹೆಚ್ಚು ಕೇಳಬೇಕಿತ್ತು, ಕೇಳಿರಲಿಲ್ಲ. ಆ ತಪ್ಪು ನನ್ನದು. ವೈದ್ಯರು ಇದ್ದ ನಾಲ್ಕನ್ನೇ ಏರಿಸಿದರು. ಇನ್ನೂ ಬೇಕಿದ್ದ ಆರನ್ನು ಹೊತ್ತು ಆಚೆಯಿಂದ ಜೀಪು ಹೊರಟಿತು. ದಾರಿಯಲ್ಲಿ ಸೇತುವೆಯ ಮೇಲೆ ನೀರು ಹತ್ತಿತ್ತು. ಈಚೆ ದಂಡೆಯಲ್ಲಿ ನಾನು, ಆಚೆ ದಂಡೆಯಲ್ಲಿ ಮಡಿಲಲ್ಲಿ ಡಬ್ಬಿ ಇಟ್ಟುಕೊಂಡ ಚಾಲಕ, ನಡುವೆ ಇಪ್ಪತ್ತು ಮಾರು ಕೆಂಪು ನೀರು. ಅವನು ಟಾರ್ಚ್ ಬೀಸುತ್ತಿದ್ದ, ನಾನೂ ಬೀಸುತ್ತಿದ್ದೆ. ಏನು ಹೇಳಬೇಕೆಂದು ಬೀಸುತ್ತಿದ್ದೆವೋ ಇಬ್ಬರಿಗೂ ಗೊತ್ತಿರಲಿಲ್ಲ. ಐದು ತಾಸು ಹಾಗೆ ಕಳೆಯಿತು.

ಆಕೆ ಬದುಕಿದಳು. ಮೂತ್ರಪಿಂಡ ಕೈಕೊಟ್ಟು ವಾರಗಟ್ಟಲೆ ಡಯಾಲಿಸಿಸ್‌ಗೆ ಬೆಳಗಾವಿಯಲ್ಲಿ ಬಿದ್ದಿದ್ದಳು. ಆರು ವೈಲ್ ಐದು ತಾಸು ಮೊದಲು ಬಂದಿದ್ದರೆ ಇದು ತಪ್ಪುತ್ತಿತ್ತೇ ಎಂದು ವೈದ್ಯರನ್ನು ಕೇಳಿದೆ. ‘ತಪ್ಪಬಹುದಿತ್ತು’ ಎಂದರು. ವೈದ್ಯರ ಬಾಯಿಂದ ಬರುವ ‘ಬಹುದು’ ಎಷ್ಟು ಭಾರವಾಗಿರುತ್ತದೆ ಎಂಬುದು ಆಸ್ಪತ್ರೆಯಲ್ಲಿ ದುಡಿದವರಿಗೆ ಗೊತ್ತು.

ಇನ್ನು ಡ್ರೋನ್ ವಿಷಯ. ಇದು ಕನಸಿನ ಮಾತಲ್ಲ. 2021ರ ಅಕ್ಟೋಬರ್‌ನಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ, ಅಂದರೆ ಐಸಿಎಂಆರ್, ಮಣಿಪುರದ ಬಿಷ್ಣುಪುರ ಜಿಲ್ಲಾ ಆಸ್ಪತ್ರೆಯಿಂದ ಲೋಕ್ತಾಕ್ ಸರೋವರದ ಕರಾಂಗ್ ದ್ವೀಪಕ್ಕೆ ಕೋವಿಡ್ ಲಸಿಕೆ ಹಾರಿಸಿತು. ರಸ್ತೆಯಲ್ಲಿ 26 ಕಿ.ಮೀ. ಇದ್ದದ್ದು ಆಕಾಶದಲ್ಲಿ 15 ಕಿ.ಮೀ. ಆಯಿತು, ಹದಿನೈದು ನಿಮಿಷದೊಳಗೆ ಮುಗಿಯಿತು. ಅದೇ ವರ್ಷ ತೆಲಂಗಾಣದ ವಿಕಾರಾಬಾದ್‌ನಲ್ಲಿ ಪ್ರಯೋಗ ನಡೆಯಿತು. ನಮ್ಮ ರಾಜ್ಯವೇನೂ ಹಿಂದೆ ಬಿದ್ದಿರಲಿಲ್ಲ. 2021ರ ಜೂನ್‌ನಲ್ಲೇ ಗೌರಿಬಿದನೂರಿನಲ್ಲಿ, ಕಣ್ಣಳತೆ ಮೀರಿ ಹಾರುವ ಔಷಧ ಡ್ರೋನಿನ ಪರೀಕ್ಷೆ ನಡೆದಿತ್ತು. ಗೌರಿಬಿದನೂರಿನಿಂದ ಬೆಂಗಳೂರಿಗೆ ರಸ್ತೆಯೂ ಇದೆ, ರೈಲೂ ಇದೆ ಎಂಬುದನ್ನು ನಾನು ಎತ್ತಿ ಆಡುವುದಿಲ್ಲ. ಪರೀಕ್ಷೆಗೆ ಬಯಲು ಬೇಕು, ನಿಜ. ಆದರೆ ಪರೀಕ್ಷೆ ಮುಗಿದ ಮೇಲೆ ಕಾಡಿನ ಕಡೆ ಬರಬೇಕಲ್ಲ?

ಬಂದೇ ಬರುತ್ತದೆ ಎಂದು ನನಗೆ ಗೊತ್ತು. ಊರಿಗೆ ಬಂದವಳು ನೀರಿಗೆ ಬಾರದಿರುತ್ತಾಳೆಯೇ? ಸ್ವಾಮಿತ್ವ ಯೋಜನೆಯಲ್ಲಿ 2020ರಿಂದ ಹಳ್ಳಿಯ ಮನೆಗಳ ಅಳತೆಗೆ ಡ್ರೋನ್ ಬಂತು, ನಮೋ ಡ್ರೋನ್ ದೀದಿ ಯೋಜನೆಯಲ್ಲಿ ಹೊಲಕ್ಕೆ ಬಂತು, ನಾಳೆ ಆರೋಗ್ಯ ಇಲಾಖೆಗೂ ಬರುತ್ತದೆ. ಟೆಂಡರ್ ಆಗುತ್ತದೆ, ರಿಬ್ಬನ್ ಕತ್ತರಿಸುತ್ತಾರೆ, ಫೋಟೊ ಬರುತ್ತದೆ. ಡ್ರೋನ್ ಕೊಡಿ ಎಂದು ಬೇಡಲು ನಾನು ಈ ಪತ್ರ ಬರೆಯುತ್ತಿಲ್ಲ. ಬರುವ ಡ್ರೋನಿನ ಕೀಲಿ ಯಾರ ಕೈಯಲ್ಲಿರಬೇಕು ಎಂದು ಕೇಳಲು ಬರೆಯುತ್ತಿದ್ದೇನೆ.

ಕೀಲಿ ಎಂದೆ. ಅದಕ್ಕೊಂದು ಕಾರಣವಿದೆ. ನಾನಿದ್ದ ಕೇಂದ್ರವೊಂದಕ್ಕೆ ರಕ್ತ ಪರೀಕ್ಷೆಯ ಯಂತ್ರ ಬಂದಿತ್ತು. ಒಳ್ಳೆಯ ಯಂತ್ರ, ಸುಳ್ಳು ಹೇಳಬಾರದು. ಆದರೆ ಅದಕ್ಕೆ ಅದೇ ಕಂಪನಿಯ ದ್ರಾವಣದ ಬಾಟಲಿಯೇ ಬೇಕು; ಬಾಟಲಿಯ ಜೊತೆ ಬರುವ ಕಾರ್ಡ್ ತೋರಿಸದಿದ್ದರೆ ಯಂತ್ರ ಬಾಯಿ ಬಿಡುವುದಿಲ್ಲ. ಎರಡನೆಯ ವರ್ಷ ಸರಬರಾಜು ನಿಂತಿತು. ಬೇರೆ ಕಂಪನಿಯ ದ್ರಾವಣ ಅರ್ಧ ಬೆಲೆಗೆ ಬೆಳಗಾವಿಯಲ್ಲೇ ಸಿಗುತ್ತಿತ್ತು, ಯಂತ್ರ ಒಪ್ಪಲಿಲ್ಲ. ದುರಸ್ತಿಗೆ ಬಂದ ಹುಡುಗ ಪಾಸ್‌ವರ್ಡ್ ತನಗೂ ಕೊಟ್ಟಿಲ್ಲ ಎಂದ. ದೇವರು ವರ ಕೊಟ್ಟರೂ ಪೂಜಾರಿ ಕೊಡಲಿಲ್ಲ. ಮೂರು ವರ್ಷ ಆ ಯಂತ್ರದ ಮೇಲೆ ನಾವು ಹೊರರೋಗಿಗಳ ರಜಿಸ್ಟರ್ ಇಟ್ಟುಕೊಂಡಿದ್ದೆವು. ಎತ್ತರ ಸರಿಯಾಗಿತ್ತು.

ಕಚೇರಿಯಲ್ಲಿ ಕೆಲಸ ಮಾಡಿದ ಕನ್ನಡಿಗರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಯುನಿಕೋಡ್ ಬರುವ ಮೊದಲು ಒಂದೊಂದು ಕಂಪ್ಯೂಟರಿಗೆ ಒಂದೊಂದು ಫಾಂಟ್. ಇಲ್ಲಿ ಟೈಪ್ ಮಾಡಿದ ಸುತ್ತೋಲೆ ಅಲ್ಲಿ ತೆರೆದರೆ ಚೌಕ, ಗೆರೆ, ಪ್ರಶ್ನಾರ್ಥಕ ಚಿಹ್ನೆ. ಅಕ್ಷರ ನಮ್ಮದೇ, ಬರೆದವರು ನಾವೇ, ಓದಲು ಮಾತ್ರ ಇನ್ನೊಬ್ಬರ ಅನುಮತಿ ಬೇಕಿತ್ತು. ಎಲ್ಲರಿಗೂ ಒಂದೇ ತೆರೆದ ಮಾನಕ ಬಂದ ಮೇಲೆ ಆ ಗೋಳು ತೀರಿತು. ಡ್ರೋನಿನಲ್ಲಿಯೂ ಅದೇ ಆಗಬೇಕು, ಮತ್ತು ಗೋಳು ಶುರುವಾಗುವ ಮೊದಲೇ ಆಗಬೇಕು.

ಆಗಲು ಸಾಧ್ಯವಿದೆ ಎಂದು ನನಗೆ ಹೇಳಿಕೊಟ್ಟವಳು ಎಂಜಿನಿಯರಿಂಗ್ ಓದುತ್ತಿರುವ ನನ್ನ ತಮ್ಮನ ಮಗಳು. ಡ್ರೋನಿನ ತಲೆಯೊಳಗೆ ಕೂತು ಅದನ್ನು ಹಾರಿಸುವ ತಂತ್ರಾಂಶಗಳಲ್ಲಿ ಜಗತ್ತಿನ ಹಲವೆಡೆ ಬಳಕೆಯಲ್ಲಿರುವ ಎರಡು, ಆರ್ಡುಪೈಲಟ್ ಮತ್ತು ಪಿಎಕ್ಸ್4, ಮುಕ್ತ ತಂತ್ರಾಂಶಗಳು. ಯಾರು ಬೇಕಾದರೂ ಇಳಿಸಿಕೊಳ್ಳಬಹುದು, ಓದಬಹುದು, ತಿದ್ದಬಹುದು. ಅವುಗಳನ್ನು ಕೂರಿಸುವ ಪಿಕ್ಸ್‌ಹಾಕ್ ಎಂಬ ಫಲಕದ ವಿನ್ಯಾಸವೂ ತೆರೆದದ್ದೇ. ನೆಲದಿಂದ ಡ್ರೋನಿನೊಂದಿಗೆ ಮಾತಾಡುವ ಭಾಷೆಯ ಹೆಸರು ಮ್ಯಾವ್‌ಲಿಂಕ್, 2009ರಿಂದ ಇದೆ. ಆ ಭಾಷೆ ಬಲ್ಲ ಯಾವ ಡ್ರೋನನ್ನಾದರೂ ಒಂದೇ ಪರದೆಯಿಂದ ನಡೆಸಬಹುದು. ಒಂದು ಕಂಪನಿಯ ಡ್ರೋನ್, ಇನ್ನೊಂದು ಕಾಲೇಜಿನ ಡ್ರೋನ್, ಮತ್ತೊಬ್ಬರ ಇಳಿದಾಣ ಎಲ್ಲವೂ ಒಂದೇ ಜಾಲದಲ್ಲಿ ಸೇರುವುದು ಹೀಗೆ.

ಅವಳು ಹೇಳಿದ ಇನ್ನೊಂದು ಸಂಗತಿ ನನ್ನ ಮನಸ್ಸಿನಲ್ಲಿ ಕೂತಿದೆ. ಆರ್ಡುಪೈಲಟ್ ಅನ್ನು ಆರಂಭದಲ್ಲಿ ಸಾಕಿದ್ದು ಅಮೆರಿಕದ 3ಡಿ ರೋಬೋಟಿಕ್ಸ್ ಎಂಬ ಕಂಪನಿ. ಆ ಕಂಪನಿ 2016ರಲ್ಲಿ ಡ್ರೋನ್ ತಯಾರಿಕೆಯನ್ನೇ ನಿಲ್ಲಿಸಿತು. ಆರ್ಡುಪೈಲಟ್ ನಿಲ್ಲಲಿಲ್ಲ. ಮೂಲ ಸಂಕೇತ, ಅಂದರೆ ತಂತ್ರಾಂಶದ ಒಳಬರಹ, ಎಲ್ಲರ ಬಳಿ ಇದ್ದುದರಿಂದ ಬರೆಯುವವರು ಬರೆಯುತ್ತಲೇ ಹೋದರು, ಇಂದಿಗೂ ಬರೆಯುತ್ತಿದ್ದಾರೆ. ನನ್ನ ಕೇಂದ್ರದ ಯಂತ್ರಕ್ಕೂ ಇದಕ್ಕೂ ಇರುವ ವ್ಯತ್ಯಾಸ ಇಷ್ಟೇ: ಅಲ್ಲಿ ಕಂಪನಿ ಕೈಬಿಟ್ಟ ದಿನ ಯಂತ್ರ ಮೇಜಾಯಿತು.

ಟೆಂಡರ್ ಬರೆಯುವವರಿಗೆ ಒಂದು ಎಚ್ಚರಿಕೆ. ‘ಮುಕ್ತ ತಂತ್ರಾಂಶ ಆಧಾರಿತ’ ಎಂದು ಬರೆದರೆ ಸಾಲದು. ಆರ್ಡುಪೈಲಟ್‌ನ ಪರವಾನಗಿಯ ಪ್ರಕಾರ, ಅದನ್ನು ತಿದ್ದಿ ಇನ್ನೊಬ್ಬರಿಗೆ ಕೊಡುವವರು ತಿದ್ದುಪಡಿಯ ಸಂಕೇತವನ್ನೂ ಕೊಡಬೇಕು. ಪಿಎಕ್ಸ್4ರ ಪರವಾನಗಿ ಆ ಒತ್ತಾಯ ಮಾಡುವುದಿಲ್ಲ. ಅದನ್ನು ತೆಗೆದುಕೊಂಡು, ಮೇಲೆ ತಮ್ಮದೊಂದು ಪದರ ಬಳಿದು, ಬಾಗಿಲು ಹಾಕಿಕೊಳ್ಳಬಹುದು. ಅದು ತಪ್ಪೇನಲ್ಲ, ಅವರ ಹಕ್ಕು. ಆದರೆ ಸಾರ್ವಜನಿಕರ ಹಣ ಕೊಡುವವರು ನೀವು. ಪದರವನ್ನೂ ಕೇಳಿ. ಕೇಂದ್ರ ಸರ್ಕಾರವೇ 2015ರಲ್ಲಿ ಸರ್ಕಾರಿ ವ್ಯವಸ್ಥೆಗಳಲ್ಲಿ ಮುಕ್ತ ತಂತ್ರಾಂಶಕ್ಕೆ ಆದ್ಯತೆ ಕೊಡುವ ನೀತಿ ಹೊರಡಿಸಿದೆ. ನಾನು ಕೇಳುತ್ತಿರುವುದು ಹೊಸದಲ್ಲ.

ಸಂಕೇತ ತೆರೆದಿಟ್ಟರೆ ಕಿಡಿಗೇಡಿಗಳು ಡ್ರೋನನ್ನೇ ಅಪಹರಿಸುವುದಿಲ್ಲವೇ ಎಂದು ನನ್ನ ಹಳೆಯ ಸಹೋದ್ಯೋಗಿಯೊಬ್ಬರು ಕೇಳಿದರು. ನ್ಯಾಯವಾದ ಪ್ರಶ್ನೆ. ಮ್ಯಾವ್‌ಲಿಂಕ್ ಸಂದೇಶಗಳಿಗೆ ರುಜು ಹಾಕುವ ವ್ಯವಸ್ಥೆ ಅದರ ಎರಡನೆಯ ಆವೃತ್ತಿಯಲ್ಲಿದೆ, ಆದರೆ ಅದನ್ನು ನಾವೇ ಚಾಲೂ ಮಾಡಬೇಕು. ಮಾಡದಿದ್ದರೆ ಬಾಗಿಲು ತೆರೆದೇ ಇರುತ್ತದೆ. ಬೀಗದ ವಿನ್ಯಾಸ ಊರಿಗೆಲ್ಲ ಗೊತ್ತಿದ್ದರೆ ತೊಂದರೆಯಿಲ್ಲ, ಕೀಲಿ ಮಾತ್ರ ಮನೆಯವರ ಸೊಂಟದಲ್ಲಿರಬೇಕು. ಜಿಲ್ಲಾ ಪಂಚಾಯಿತಿ ಇಲ್ಲಿ ಮನೆಯವರು.

ಡ್ರೋನ್ ಬೀಳುತ್ತದೆ. ಇದನ್ನು ಉದ್ಘಾಟನೆಯ ದಿನವೇ ಹೇಳಿಬಿಡುವುದು ಒಳ್ಳೆಯದು. ಬಸ್ ಕೆಡುತ್ತದೆ, ಆಂಬುಲೆನ್ಸ್ ಪಂಕ್ಚರ್ ಆಗುತ್ತದೆ, ಡ್ರೋನ್ ಬೀಳುತ್ತದೆ. ಬಿದ್ದ ಮೇಲೆ ಏನಾಗುತ್ತದೆ ಎಂಬುದೇ ಮುಖ್ಯ. ಈ ಮುಕ್ತ ತಂತ್ರಾಂಶಗಳು ಪ್ರತಿ ಹಾರಾಟದ ಕ್ಷಣಕ್ಷಣದ ದಾಖಲೆಯನ್ನು ಒಳಗಿನ ಮೆಮೊರಿ ಕಾರ್ಡಿನಲ್ಲಿ ಬರೆದಿಡುತ್ತವೆ: ಬ್ಯಾಟರಿ ಎಷ್ಟಿತ್ತು, ಮೋಟಾರು ಎಷ್ಟು ಒದ್ದಾಡಿತು, ಉಪಗ್ರಹದ ಸಿಗ್ನಲ್ ಯಾವಾಗ ತಪ್ಪಿತು. ತಮ್ಮನ ಮಗಳು ಆ ದಾಖಲೆಯನ್ನು ಮನೆಯ ಲ್ಯಾಪ್‌ಟಾಪಿನಲ್ಲಿ ತೆರೆದು ನನಗೆ ತೋರಿಸಿದಳು. ಕಾಲೇಜಿನ ಮೈದಾನದಲ್ಲಿ ಅವರ ಡ್ರೋನ್ ಬೇವಿನ ಮರಕ್ಕೆ ಗುದ್ದಿದ ಹನ್ನೊಂದು ಸೆಕೆಂಡಿನ ಚರಿತ್ರೆ. ಇಸಿಜಿ ನೋಡಿದ ಹಾಗಾಯಿತು. ಮುಚ್ಚಿದ ವ್ಯವಸ್ಥೆಯಲ್ಲಿ ಈ ದಾಖಲೆ ಕಂಪನಿಯ ವ್ಯಾಪಾರ ರಹಸ್ಯವಾಗುತ್ತದೆ, ನಮಗೆ ‘ತಾಂತ್ರಿಕ ಕಾರಣ’ ಎಂಬ ಎರಡು ಪದ ಸಿಗುತ್ತದೆ. ಬಿದ್ದ ಪ್ರತಿಯೊಂದು ಡ್ರೋನಿನ ದಾಖಲೆ ಒಂದು ವಾರದೊಳಗೆ ಜಿಲ್ಲಾ ಪಂಚಾಯಿತಿಯ ಜಾಲತಾಣದಲ್ಲಿ ಇರಬೇಕು. ರೋಗಿಯ ಹೆಸರು ಅದರಲ್ಲಿ ಇರುವುದಿಲ್ಲ, ಮುಚ್ಚಿಡಲು ಆ ನೆಪವೂ ಇಲ್ಲ.

ಸ್ಥಳೀಯರ ಕೈ ಬೇಕಾಗುವುದು ಇಲ್ಲೇ. ನೆಲದ ಏರಿಳಿತ ತಿಳಿಯಲು ಈ ತಂತ್ರಾಂಶಗಳು ಸಾಮಾನ್ಯವಾಗಿ ಬಳಸುವುದು 2000ನೇ ಇಸವಿಯಲ್ಲಿ ಬಾಹ್ಯಾಕಾಶ ನೌಕೆಯೊಂದು ಅಳೆದ ನಕ್ಷೆಯನ್ನು. ಗುಡ್ಡ ಎಲ್ಲಿದೆ ಎಂದು ಅದಕ್ಕೆ ಗೊತ್ತು. ಆಮೇಲೆ ನಿಂತ ಮೊಬೈಲ್ ಟವರ್, ಕಣಿವೆಗೆ ಅಡ್ಡ ಎಳೆದ ವಿದ್ಯುತ್ ತಂತಿ, ಒಂಟಿಯಾಗಿ ಮೇಲೆದ್ದ ಮತ್ತಿಮರ ಗೊತ್ತಿಲ್ಲ. ಅವು ಗೊತ್ತಿರುವುದು ದನ ಮೇಯಿಸುವ ಗೌಳಿಗೆ. ಅವನು ತೋರಿಸಿದ ತಂತಿಯನ್ನು ನಕ್ಷೆಗೆ ಸೇರಿಸಲು ದೂರದ ಕಚೇರಿಯೊಂದಕ್ಕೆ ದೂರು ಬರೆದು ಹಾಕಿ ಹದಿನೈದು ದಿನ ಕಾಯಬೇಕಾದರೆ, ಆ ಜಾಲ ಕಾಡಿನಲ್ಲಿ ನಡೆಯುವುದಿಲ್ಲ. ಓಪನ್‌ಸ್ಟ್ರೀಟ್‌ಮ್ಯಾಪ್ ಎಂಬ ಮುಕ್ತ ನಕ್ಷೆಯಲ್ಲಿ ಅಂದೇ ಸಂಜೆ ಸೇರಿಸಬಹುದು. ಪರದೆಯ ಮೇಲಿನ ಮಾತುಗಳೂ ಹಾಗೆಯೇ. ಖಾನಾಪುರದ ಕಾಡಿನಲ್ಲಿ ಮನೆಮಾತು ಹೆಚ್ಚಾಗಿ ಮರಾಠಿ, ಕೊಂಕಣಿ ಬೆರೆತ ಮರಾಠಿ. ಕಚೇರಿಯ ಮಾತು ಕನ್ನಡ. ಬೆಳಗಾವಿಯಲ್ಲಿ ಭಾಷೆಯ ವಿಷಯ ಎತ್ತಿದವನು ಏಟು ತಿನ್ನದೆ ಮನೆಗೆ ಹೋಗುವುದಿಲ್ಲ ಎಂದು ಗೊತ್ತಿದ್ದೂ ಹೇಳುತ್ತೇನೆ: ‘ಬ್ಯಾಟರಿ ಕಡಿಮೆಯಿದೆ, ಹಾರಿಸಬೇಡಿ’ ಎಂಬ ಎಚ್ಚರಿಕೆ ಎರಡೂ ಭಾಷೆಯಲ್ಲಿ ಇರಲಿ. ತೆರೆದ ತಂತ್ರಾಂಶದಲ್ಲಿ ಅದನ್ನು ನಾವೇ ಅನುವಾದಿಸಿ ಕೂರಿಸಿಕೊಳ್ಳಬಹುದು.

ನನ್ನ ವಾದಕ್ಕೆ ಅಡ್ಡ ಬರುವ ಸಂಗತಿಯನ್ನೂ ಹೇಳಬೇಕು. ಜಗತ್ತಿನಲ್ಲಿ ಅತಿ ಹೆಚ್ಚು ಹೆಸರು ಮಾಡಿದ ಔಷಧ ಡ್ರೋನ್ ಜಾಲ ರುವಾಂಡಾದ್ದು. 2016ರಿಂದ ಜಿಪ್‌ಲೈನ್ ಎಂಬ ಕಂಪನಿ ಅಲ್ಲಿನ ಆಸ್ಪತ್ರೆಗಳಿಗೆ ರಕ್ತ ಹಾರಿಸುತ್ತಿದೆ. ರೆಕ್ಕೆಯ ವಿಮಾನ, ಕವಣೆಯಂತೆ ಎಸೆಯುತ್ತಾರೆ, ಡಬ್ಬಿ ಪ್ಯಾರಾಚೂಟಿನಲ್ಲಿ ಇಳಿಯುತ್ತದೆ. ಅದು ಮುಕ್ತ ವ್ಯವಸ್ಥೆಯಲ್ಲ, ಚೆನ್ನಾಗಿ ನಡೆದಿದೆ. ಆದರೆ ಅಲ್ಲಿ ಕಂಪನಿಯ ಎದುರು ಕೂತು ಒಪ್ಪಂದ ಮಾಡಿಕೊಂಡದ್ದು ಒಂದು ದೇಶ. ಇಲ್ಲಿ ಕೂರುವುದು ಒಂದು ತಾಲ್ಲೂಕಿನ ನಾಲ್ಕಾರು ಆರೋಗ್ಯ ಕೇಂದ್ರಗಳು. ಅಷ್ಟು ಚಿಕ್ಕ ಗಿರಾಕಿಯ ಮಾತು ಕಂಪನಿ ಎಷ್ಟು ದಿನ ಕೇಳುತ್ತದೆ? ನನಗೆ ಹೆಚ್ಚು ಹಿಡಿಸಿದ್ದು ಮಲಾವಿಯ ದಾರಿ. ಅಲ್ಲಿನ ಸರ್ಕಾರ ಯುನಿಸೆಫ್ ಜೊತೆ ಸೇರಿ 2017ರಲ್ಲಿ ಕಸುಂಗು ಎಂಬಲ್ಲಿ ಆಕಾಶದ ಒಂದು ಭಾಗವನ್ನೇ ಪ್ರಯೋಗಕ್ಕೆ ಬಿಟ್ಟುಕೊಟ್ಟಿತು. ದಾರಿ ಸರ್ಕಾರದ್ದು, ಗಾಡಿ ಯಾರದ್ದಾದರೂ ಸರಿ. ನಮ್ಮ ರಸ್ತೆಗಳೂ ಹಾಗೆಯೇ ಅಲ್ಲವೇ?

ಈಗ ಮಳೆಯ ಮಾತು. ಕಣಕುಂಬಿಯ ಜುಲೈ ಮಳೆಯನ್ನು ಕಾಣದವರು ಈ ಯೋಜನೆಯ ವರದಿ ಬರೆಯಬಾರದು. ಅಲ್ಲಿ ಮೋಡ ಮೇಲಿರುವುದಿಲ್ಲ, ಅಂಗಳದಲ್ಲಿರುತ್ತದೆ. ಕ್ಯಾಮೆರಾಕ್ಕೆ ಕಣ್ಣು ಕಾಣುವುದಿಲ್ಲ, ಘಟ್ಟದ ಗಾಳಿ ಕಣಿವೆಯಿಂದ ಎದ್ದು ಹೊಡೆಯುತ್ತದೆ. ಹೆಚ್ಚು ಬೇಕಾದ ದಿನವೇ ಡ್ರೋನ್ ಹಾರದೆ ಕೂರುವ ಸಾಧ್ಯತೆ ದೊಡ್ಡದು. ಹಾಗಾಗಿ ಮೊದಲ ಕೆಲಸಕ್ಕೆ ಡ್ರೋನೇ ಬೇಡ: ಮೇ ತಿಂಗಳಲ್ಲಿ ಜೀಪು ಓಡುವಾಗಲೇ ನಾಲ್ಕು ತಿಂಗಳ ದಾಸ್ತಾನು ಕಾಡಂಚಿನ ಕೇಂದ್ರಗಳಿಗೆ ಹೋಗಲಿ. ಎಎಸ್‌ವಿ ಒಣ ಪುಡಿ, ಅಷ್ಟು ಬೇಗ ಕೆಡುವುದಿಲ್ಲ. ನಾನು ಮಾಡದೆ ಹೋದದ್ದನ್ನು ಮುಂದಿನವರು ಮಾಡಲಿ.

ಎರಡನೆಯದಾಗಿ, ಖಾನಾಪುರದವನಾಗಿ ಹೇಳಲು ಸ್ವಲ್ಪ ಕಷ್ಟವಾದರೂ, ಮಳೆಗಾಲದ ಮೊದಲ ಹಾರಾಟ ಖಾನಾಪುರದಲ್ಲಿ ಬೇಡ. ಚಿಕ್ಕೋಡಿಯ ಕಡೆ ಆಗಲಿ. ಪ್ರತಿ ಜುಲೈನಲ್ಲಿ ಕಲ್ಲೋಳ-ಯಡೂರು, ಕಾರದಗಾ-ಭೋಜ, ಮಲಿಕವಾಡ-ದತ್ತವಾಡ ಎಂದು ಮುಳುಗಿದ ಸೇತುವೆಗಳ ಪಟ್ಟಿ ಪತ್ರಿಕೆಯಲ್ಲಿ ಬರುತ್ತದೆ. ಆ ನೀರು ಅಲ್ಲಿ ಸುರಿದದ್ದಲ್ಲ. ಮಹಾರಾಷ್ಟ್ರದ ಘಟ್ಟದಲ್ಲಿ ಸುರಿದು, ಕೊಯ್ನಾ ಮತ್ತಿತರ ಅಣೆಕಟ್ಟೆಗಳಿಂದ ಇಳಿದು, ಕೃಷ್ಣೆ, ದೂಧಗಂಗಾ, ವೇದಗಂಗಾಗಳಲ್ಲಿ ಬಂದದ್ದು. ಚಿಕ್ಕೋಡಿ, ಅಥಣಿ ಮಳೆ ನೆರಳಿನ ಸೀಮೆ. ಕೆಳಗೆ ಸೇತುವೆ 10 ಅಡಿ ನೀರಿನಲ್ಲಿದ್ದಾಗ ಮೇಲೆ ಎಷ್ಟೋ ದಿನ ಬಿಸಿಲು ಹೊಡೆಯುತ್ತಿರುತ್ತದೆ. 2019ರ ಆಗಸ್ಟ್‌ನ ಮಹಾಪೂರವನ್ನು ನೆನಪಿಸಿಕೊಳ್ಳಿ. ಎಷ್ಟೋ ಊರುಗಳು ದ್ವೀಪವಾದವು, ಇನ್ಸುಲಿನ್‌ಗೂ ದೋಣಿ ಕಾಯಬೇಕಾಯಿತು. ಡ್ರೋನಿಗೆ ಹೇಳಿ ಮಾಡಿಸಿದ ಪ್ರವಾಹ ಅದು. ನೆಲ ಸಮತಟ್ಟು, ಮೊಬೈಲ್ ಸಿಗ್ನಲ್ ಇದೆ, ಹೊಳೆಯ ಅಗಲವಷ್ಟೇ ದೂರ. ಖಾನಾಪುರದಲ್ಲಿ ನವೆಂಬರ್‌ನಿಂದ ಮೇವರೆಗೆ ಕಲಿಯೋಣ, ಕೃಷ್ಣೆಯ ದಂಡೆಯಲ್ಲಿ ಜುಲೈ-ಆಗಸ್ಟ್‌ನಲ್ಲಿ ಪಳಗೋಣ. ಆಮೇಲೆ ಘಟ್ಟದ ಮಳೆಯ ಬಿಡುವುಗಳಲ್ಲಿ ಹಾರಿಸುವ ಧೈರ್ಯ ಬರಬಹುದು. ಬಿಡುವು ಇರುತ್ತದೆ, ಅರ್ಧ ತಾಸಿನದ್ದಾದರೂ. ಆ ಸಂಜೆಯೂ ಎರಡು ಸಲ ಮಳೆ ನಿಂತಿತ್ತು. ನಿಂತದ್ದು ಮಳೆ, ಹಳ್ಳವಲ್ಲ.

ನವೆಂಬರ್‌ನಿಂದ ಮೇವರೆಗೆ ಏನು ಸಾಗಿಸುವುದು? ತುರ್ತಿಗೆಂದೇ ಎತ್ತಿಟ್ಟ ಯಂತ್ರ ತುರ್ತಿನಲ್ಲಿ ಏಳುವುದಿಲ್ಲ. ಸರ್ಕಾರಿ ಆಸ್ಪತ್ರೆಯ ಜನರೇಟರ್ ನೋಡಿದವರಿಗೆ ಇದು ಗೊತ್ತು. ದಿನವೂ ಕೆಲಸ ಬೇಕು. ಲಸಿಕೆ ಇದೆ, 2ರಿಂದ 8 ಡಿಗ್ರಿಯಲ್ಲಿ ಹೋಗಬೇಕಾದದ್ದು. ಐಸ್‌ಪ್ಯಾಕ್ ನೇರ ಫ್ರೀಜರ್‌ನಿಂದ ತೆಗೆದು ತುಂಬಬಾರದು, ಅದು ಮೊದಲು ಬೆವರಬೇಕು, ಅಲುಗಾಡಿಸಿದರೆ ಒಳಗೆ ನೀರಿನ ಸದ್ದು ಕೇಳಬೇಕು. ಇಲ್ಲದಿದ್ದರೆ ಕೆಲವು ಲಸಿಕೆ ಹೆಪ್ಪುಗಟ್ಟಿ ಕೆಡುತ್ತವೆ. ಈ ವಿದ್ಯೆ ಡ್ರೋನ್ ತಯಾರಿಸುವವರಿಗೆ ಗೊತ್ತಿರುವುದಿಲ್ಲ, ನಮ್ಮ ಸಿಸ್ಟರ್‌ಗಳಿಗೆ ಗೊತ್ತು. ಡ್ರೋನಿನ ಡಬ್ಬಿಯನ್ನು ಅವರ ಮುಂದೆ ಇಟ್ಟು ವಿನ್ಯಾಸ ಮಾಡಿ. ಹಿಂದಿರುಗುವಾಗ ಕ್ಷಯದ ಕಫದ ಮಾದರಿ, ಡೆಂಗಿಯ ರಕ್ತದ ಮಾದರಿ ಬರಲಿ. ಇವತ್ತು ಆ ಮಾದರಿಗಳು ಬಸ್ಸಿಗೆ ಕಾಯುತ್ತವೆ, ಬಸ್ಸು ರಸ್ತೆಗೆ ಕಾಯುತ್ತದೆ. ಬೈಕಿನಲ್ಲಿ ಲಸಿಕೆ ಡಬ್ಬಿ ಸಾಗಿಸುವ ಹುಡುಗರಿಗೆ ಒಂದು ಸಲಕ್ಕೆ ಇಷ್ಟು ಎಂದು ಸಿಗುವ ಪುಡಿಗಾಸನ್ನು ಈ ಡ್ರೋನ್ ಕಿತ್ತುಕೊಳ್ಳಬಾರದು. ಅವರಿಗೇ ಪೈಲಟ್ ತರಬೇತಿ ಕೊಡಿ. ರಾಯಬಾಗದಲ್ಲಿ ನಾನು ಕಂಡ ಹೆಣ್ಣುಮಗಳು ಮೊದಲ ಗುರುವಾಗಬಲ್ಲಳು.

ಡ್ರೋನ್ ಸೂಜಿ ಚುಚ್ಚುವುದಿಲ್ಲ ಎಂಬುದನ್ನೂ ಮರೆಯಬಾರದು. ಎಎಸ್‌ವಿ ಕೆಲವರ ಮೈಗೆ ಒಗ್ಗದೆ ಉಸಿರು ಕಟ್ಟಿಸುತ್ತದೆ, ಪಕ್ಕದಲ್ಲಿ ವೈದ್ಯರಿರಬೇಕು. ಘಟ್ಟದ ಉಬ್ಬು ಮೂಗಿನ ಗುಳಿಮಂಡಲದ ವಿಷಕ್ಕೆ ಅದು ನಾಟುವುದೂ ಇಲ್ಲ. ಹಾಗಾಗಿ ಡಬ್ಬಿ ಇಳಿಯಬೇಕಾದದ್ದು ಮನೆಯ ಅಂಗಳದಲ್ಲಲ್ಲ, ಆರೋಗ್ಯ ಕೇಂದ್ರದ ಅಂಗಳದಲ್ಲಿ. ಹಾವು ಕಡಿತವನ್ನು 2024ರಲ್ಲಿ ನಮ್ಮ ರಾಜ್ಯ ಅಧಿಸೂಚಿತ ಕಾಯಿಲೆ ಮಾಡಿದೆ, ಪ್ರತಿ ಪ್ರಕರಣ ಈಗ ವರದಿಯಾಗಬೇಕು. ಆ ವರದಿಗಳನ್ನು ಹರಡಿ ಕೂತರೆ ಯಾವ ಕೇಂದ್ರಕ್ಕೆ ಮೊದಲು ಇಳಿದಾಣ ಬೇಕು ಎಂಬುದು ತಾನಾಗಿ ತಿಳಿಯುತ್ತದೆ. ಶಿಫಾರಸು ಪತ್ರ ಬೇಕಾಗುವುದಿಲ್ಲ.

ಕಾನೂನು ಅಡ್ಡಿಯೇ? ಅಷ್ಟಾಗಿ ಅಲ್ಲ. 2021ರ ಡ್ರೋನ್ ನಿಯಮಗಳ ಪ್ರಕಾರ ಹಸಿರು ವಲಯದಲ್ಲಿ, ಅಂದರೆ ಡ್ರೋನಿಗೆ ಮುಕ್ತವೆಂದು ನಕ್ಷೆಯಲ್ಲಿ ಗುರುತಿಸಿದ ಜಾಗದಲ್ಲಿ, 400 ಅಡಿವರೆಗೆ ಹಾರಿಸಲು ಮುಂಚಿತ ಅನುಮತಿ ಬೇಕಿಲ್ಲ. ಬೆಳಗಾವಿಯ ಸಾಂಬ್ರಾ ವಿಮಾನ ನಿಲ್ದಾಣದ ಸುತ್ತಲಿನ 12 ಕಿ.ಮೀ. ನಿರ್ಬಂಧದಿಂದ ಖಾನಾಪುರವೂ ಚಿಕ್ಕೋಡಿಯೂ ಹೊರಗಿವೆ. ಸಂಶೋಧನೆ ಮಾಡುವ ಸಂಸ್ಥೆಗಳು ಹಸಿರು ವಲಯದ ತಮ್ಮ ಆವರಣದಲ್ಲಿ ಹಾರಿಸುವುದಾದರೆ ಡ್ರೋನಿನ ಮಾದರಿಗೆ ಪಡೆಯಬೇಕಾದ ಪ್ರಮಾಣಪತ್ರದಿಂದಲೂ (ಟೈಪ್ ಸರ್ಟಿಫಿಕೇಟ್) ವಿನಾಯಿತಿ ಇದೆ. ಕಣ್ಣಳತೆ ಮೀರಿ ಹಾರಿಸಲು ಮಾತ್ರ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದ ವಿಶೇಷ ಒಪ್ಪಿಗೆ ಬೇಕು, ಅಭಯಾರಣ್ಯದ ಮೇಲೆ ಅರಣ್ಯ ಇಲಾಖೆಯ ಒಪ್ಪಿಗೆ ಬೇಕು. ಅದನ್ನು ನನ್ನಂಥವನು ತರಲಾರ, ನೀವು ತರಬಲ್ಲಿರಿ. ಉಳಿದದ್ದೆಲ್ಲ ಬೆಳಗಾವಿಯಲ್ಲೇ ಇದೆ. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಕೇಂದ್ರ ಸ್ಥಾನ ಇಲ್ಲಿದೆ. ಮಣಿಪುರದಲ್ಲಿ ಲಸಿಕೆ ಹಾರಿಸಿದ ಅದೇ ಐಸಿಎಂಆರ್‌ನ ಒಂದು ರಾಷ್ಟ್ರೀಯ ಸಂಸ್ಥೆ ಇಲ್ಲಿದೆ. ಹತ್ತರಗಿಯಲ್ಲಿ ವಿಮಾನದ ಬಿಡಿಭಾಗ ತಯಾರಿಸುವ ವಿಶೇಷ ಆರ್ಥಿಕ ವಲಯವಿದೆ. ಉದ್ಯಮಬಾಗದ ಎರಕದ ಮನೆಗಳಲ್ಲಿ, ಲೇತ್ ಅಂಗಡಿಗಳಲ್ಲಿ ಮುರಿದ ತೋಳನ್ನು ನೋಡಿ ಸಂಜೆಗೆ ಹೊಸದು ಮಾಡಿಕೊಡುವ ಕೈಗಳಿವೆ. ವಿನ್ಯಾಸದ ಹಾಳೆ ಅವರ ಕೈಗೆ ಸಿಗಬೇಕು, ಅಷ್ಟೇ.

ಒಂದು ಭಯ ಮಾತ್ರ ನನ್ನನ್ನು ಬಿಟ್ಟಿಲ್ಲ. ‘ಡ್ರೋನ್ ಬಂತಲ್ಲ, ಇನ್ನು ಸೇತುವೆ ಯಾಕೆ’ ಎಂದು ಯಾರೋ ಒಬ್ಬರು ಕಡತದ ಮೇಲೆ ಬರೆಯುತ್ತಾರೆ. ದಯವಿಟ್ಟು ಈ ಎರಡು ಕಡತಗಳನ್ನು ಒಂದೇ ದಾರದಲ್ಲಿ ಹೊಲಿಯಬೇಡಿ. ಎರಡು ಕಿಲೊ ಔಷಧ ಹಾರುತ್ತದೆ, ಹೆರಿಗೆ ನೋವಿನ ಹೆಂಗಸು ಹಾರುವುದಿಲ್ಲ. ಕಾಲು ಮುರಿದವನು, ಶಾಲೆಯ ಮಕ್ಕಳು, ಪಡಿತರದ ಅಕ್ಕಿ ಹಾರುವುದಿಲ್ಲ. ಭೀಮಗಡದ ತಳೇವಾಡಿ ಊರಿನವರಂತೆ ಪರಿಹಾರ ಪಡೆದು ಕಾಡಿನಿಂದ ಹೊರಗೆ ಬರಲು ಒಪ್ಪುವವರಿದ್ದಾರೆ, ಒಪ್ಪದವರೂ ಇದ್ದಾರೆ. ಅದು ಅವರ ತೀರ್ಮಾನ. ತೀರ್ಮಾನವಾಗುವ ತನಕ ಅವರಿಗೂ ಜ್ವರ ಬರುತ್ತದೆ.

ಡಿಸೆಂಬರ್‌ನಲ್ಲಿ ಅಧಿವೇಶನಕ್ಕೆಂದು ಸುವರ್ಣ ವಿಧಾನಸೌಧಕ್ಕೆ ಬರುವ ಶಾಸಕರಲ್ಲಿ ಒಬ್ಬರಾದರೂ ಇದನ್ನು ಪ್ರಶ್ನೆಯಾಗಿ ಕೇಳಲಿ: ಆರೋಗ್ಯ ಇಲಾಖೆ ಡ್ರೋನ್ ಕೊಳ್ಳುವಾಗ ಮೂಲ ಸಂಕೇತ, ವಿನ್ಯಾಸದ ಹಾಳೆ, ಹಾರಾಟದ ದಾಖಲೆ ಮತ್ತು ಕೀಲಿ ಯಾರ ಬಳಿ ಇರುತ್ತವೆ? ಉತ್ತರ ಒಂದೇ ಸಾಲಿನಲ್ಲಿ ಬಂದರೂ ಸಾಕು.

ನನ್ನ ಕಡೆಯಿಂದ ಕೊಡಲು ಒಂದು ವಸ್ತುವಿದೆ. ಹಸಿರು ರಟ್ಟಿನ ಎರಡು ನೋಟ್‌ಬುಕ್. ಯಾವ ವರ್ಷ ಯಾವ ಹಳ್ಳ ಯಾವ ತಾರೀಖಿಗೆ ಕಟ್ಟಿತು, ಎಷ್ಟು ದಿನ ನಿಂತಿತು, ಯಾವ ದಿಬ್ಬದ ಮೇಲೆ ನಿಂತರೆ ಆಚೆಯ ಊರು ಕಾಣುತ್ತದೆ, ಎಲ್ಲಿ ಮರವಿಲ್ಲದ ಬಯಲಿದೆ ಎಂದು ಗುರುತು ಹಾಕಿಕೊಂಡು ಬಂದಿದ್ದೇನೆ. ಲಸಿಕೆ ಹೊತ್ತು ನಡೆಯುವಾಗ ಬರೆದದ್ದು, ಕೆಲವು ಪುಟ ಮಳೆಯಲ್ಲಿ ನೆನೆದು ಶಾಯಿ ಹರಡಿದೆ. ಮೊದಲ ನೋಟ್‌ಬುಕ್ಕಿನ ಅರ್ಧವನ್ನು ತಮ್ಮನ ಮಗಳು ಮುಕ್ತ ನಕ್ಷೆಗೆ ಏರಿಸಿದ್ದಾಳೆ. ಪರೀಕ್ಷೆ ಮುಗಿದ ಮೇಲೆ ಉಳಿದದ್ದನ್ನು ಏರಿಸುತ್ತಾಳಂತೆ. ನಿಮ್ಮ ಕಚೇರಿಯಿಂದ ಯಾರನ್ನಾದರೂ ಕಳುಹಿಸಿದರೆ ಎರಡನ್ನೂ ಮುಂದಿಡುತ್ತೇನೆ. ಫೋಟೊ ತೆಗೆದುಕೊಂಡು ನೋಟ್‌ಬುಕ್ ಇಲ್ಲೇ ಬಿಟ್ಟುಹೋಗಲಿ.

ಇತಿ ತಮ್ಮ ವಿಶ್ವಾಸಿ,
ನಿವೃತ್ತ ಔಷಧ ವಿತರಕ, ಖಾನಾಪುರ ತಾಲ್ಲೂಕು